‘ಸಾಕು’ ಎನ್ನುವುದು ಪ್ರಸಾದಕ್ಕೆ ಅಪಚಾರವಲ್ಲ



ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ ಎಂದು ನಿರೂಪಿಸಿದ ಅನುಭಾವಿಗಳು ಪ್ರಸಾದಿಸ್ಥಲಕ್ಕೆ ಸಲ್ಲುವ ಭಕ್ತಿಯನ್ನು ಅವಧಾನಭಕ್ತಿ ಎಂದು ಕರೆದರು. ಅವಧಾನವೆಂದರೆ ಎಚ್ಚರ, ಮನಸ್ಸನ್ನು ಒಂದೆಡೆ ನಿಲ್ಲಿಸಿದ ಲಕ್ಷ್ಯ. ಪ್ರಸಾದವೆಂಬ ಮಾತಿಗೆ ಅನ್ನಕ್ಕಿಂತ ವಿಶಾಲವಾದ ಅರ್ಥವಿದೆ, ಇಂದ್ರಿಯಗಳಿಗೆ ಒದಗುವುದೆಲ್ಲವೂ ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದವೇ ಎಂಬುದು ನಿಜ. ಆದರೆ ಅದರ ಮೊದಲ ಪಾಠ ನಡೆಯುವುದು ಉಣ್ಣುವ ಎಲೆಯ ಮುಂದೆಯೇ. ಎಚ್ಚರ ತಪ್ಪುವುದಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳ ಮತ್ತೊಂದಿಲ್ಲವಷ್ಟೆ.

ಆ ಅವಧಾನ ಇಂದಿನ ಪಂಕ್ತಿಗಳಿಂದ ಮರೆಯಾಗುತ್ತಿದೆ ಎಂಬುದನ್ನು ಸದ್ಭಕ್ತರು ಒಪ್ಪಬೇಕಾಗಿದೆ. ಜಾತ್ರೆಯಿರಲಿ, ಮದುವೆಯಿರಲಿ, ಶಿವಗಣಾರಾಧನೆಯಿರಲಿ, ಬಡಿಸುವವರು ಬಾಗಿ ಬಾಗಿ ಬಡಿಸುತ್ತಾರೆ. ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಇಳಿಯುತ್ತದೆ. ‘ಪ್ರಸಾದವನ್ನು ಬೇಡವೆನ್ನಬಾರದು’ ಎಂಬುದು ಮೊದಲನೆಯ ಒತ್ತಾಯ. ಬಡಿಸಿದ ಮೇಲೆ ‘ಪ್ರಸಾದವನ್ನು ಬಿಡಬಾರದು’ ಎಂಬುದು ಎರಡನೆಯದು. ಈ ಎರಡು ಮಾತುಗಳ ನಡುವೆ ಸಿಕ್ಕಿಬಿದ್ದ ಭಕ್ತ ಹೊಟ್ಟೆ ಬಿರಿಯುವಂತೆ ಉಂಡು, ಮನೆಗೆ ಹೋಗುವ ದಾರಿಯಲ್ಲಿ ಸೋಡಾ ಕುಡಿದು, ರಾತ್ರಿಯೆಲ್ಲ ಎದೆಯುರಿಯಿಂದ ಹೊರಳುತ್ತಾನೆ. ಇದನ್ನು ಶರಣಸಂಪ್ರದಾಯವೆಂದು ಕರೆಯುವುದು ತಪ್ಪು. ಇದು ಉಣಬಡಿಸುವವರ ಪ್ರತಿಷ್ಠೆಯ ಸಂಪ್ರದಾಯ.

ಬಿಡಬಾರದೆಂಬುದು ಶರಣಾಚಾರವೇ, ಅದರಲ್ಲಿ ಸಂದೇಹವಿಲ್ಲ. ಉಂಡ ತಟ್ಟೆಯನ್ನು ಬೆರಳಿನಿಂದ ಬಳಿದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು ಏಳುವ ಹಿರಿಯರು ಇಂದಿಗೂ ಹಳ್ಳಿಗಳಲ್ಲಿ ಕಾಣಸಿಗುತ್ತಾರೆ. ಅಂಥವರು ಉಣ್ಣುವುದನ್ನು ನೋಡಿ ಮೆಚ್ಚುವ ಕಿರಿಯರು ಅವರು ಬಡಿಸಿಕೊಳ್ಳುವುದನ್ನೂ ಒಮ್ಮೆ ನೋಡಬೇಕು. ತಟ್ಟೆಯಲ್ಲಿ ಒಂದಗುಳೂ ಉಳಿಯಬಾರದೆಂಬ ವ್ರತವಿರುವವನು ಹಾಕಿಸಿಕೊಳ್ಳುವಾಗಲೇ ಲೆಕ್ಕ ಹಾಕುತ್ತಾನೆ. ಬಿಡಬಾರದೆಂಬ ನಿಯಮ ಹುಟ್ಟಿದ್ದೇ ಮಿತವಾಗಿ ಪಡೆಯುವುದಕ್ಕಾಗಿ. ಮಿತವಿಲ್ಲದೆ ಬಡಿಸಿ, ಆಮೇಲೆ ಆ ನಿಯಮವನ್ನು ತೋರಿಸಿ ಹೆದರಿಸುವುದು ನಿಯಮವನ್ನು ತಲೆಕೆಳಗು ಮಾಡಿದಂತೆ. ಹೆಚ್ಚಾದ ಅನ್ನ ಎಲೆಯಲ್ಲಿ ಉಳಿದರೆ ಕೆಟ್ಟಿತು, ಹೊಟ್ಟೆಯೊಳಗೆ ಹೋದರೆ ಕೆಡಲಿಲ್ಲ ಎಂಬ ಭಾವನೆ ಎಷ್ಟು ಸರಿ? ಬೇಡವಾದ ತುತ್ತು ಎರಡು ಕಡೆಯಲ್ಲೂ ವ್ಯರ್ಥವೇ. ಒಳಗೆ ಹೋದದ್ದು ನೋವನ್ನೂ ಕೊಡುತ್ತದೆ ಎಂಬುದೊಂದೇ ವ್ಯತ್ಯಾಸ.

ಈ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗವನ್ನು ನೆನೆಯದೆ ಮುಂದುವರಿಯುವಂತಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅಂದಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಅದು ಹೆಚ್ಚಾಗಿದೆ ಎಂದು ಕಂಡ ಲಕ್ಕಮ್ಮ, ಈ ಆಸೆ ಶರಣರಿಗೆ ಸಲ್ಲದೆಂದು ಪತಿಯನ್ನು ಎಚ್ಚರಿಸಿ, ಹೆಚ್ಚಿನದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಪ್ರವಚನಗಳಲ್ಲಿ ಅಪರಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಕೂಡಿಡುವ ಕಣಜಕ್ಕೆ ಅನ್ವಯಿಸುವ ಮಾತು ಹೊಟ್ಟೆಯೆಂಬ ಕಣಜಕ್ಕೆ ಏಕೆ ಅನ್ವಯಿಸಬಾರದು? ಆ ತಾಯಿ ಅಳೆದದ್ದು ಅಕ್ಕಿಯನ್ನಲ್ಲ, ಅಗತ್ಯವನ್ನು.

ಅಕ್ಕಮಹಾದೇವಿಯವರಂತೂ ತಮ್ಮ ಒಂದು ವಚನದಲ್ಲಿ ಆಹಾರವನ್ನು ಕಡಿಮೆ ಮಾಡಿರೆಂದು ನೇರವಾಗಿಯೇ ಕೇಳಿಕೊಂಡಿದ್ದಾರೆ. ಅತಿಯಾದ ಊಟದಿಂದ ನಿದ್ರೆ, ನಿದ್ರೆಯಿಂದ ಜಡತೆ, ಜಡತೆಯಿಂದ ಅಜ್ಞಾನ ಎಂದು ಅವರು ಒಂದರಿಂದೊಂದು ಹುಟ್ಟುವ ಕೇಡುಗಳನ್ನು ಎಣಿಸುತ್ತಾರೆ. ವ್ಯಾಖ್ಯಾನಕಾರರು ಇದನ್ನು ಸಾಧಕರಿಗೆ ಹೇಳಿದ ಮಾತೆಂದು ಬದಿಗಿಡುವುದುಂಟು. ಮಧ್ಯಾಹ್ನ ಹೋಳಿಗೆ ಊಟ ಮಾಡಿ ಚಪ್ಪರದ ಕೆಳಗೆ ಜಮಖಾನದ ಮೇಲೆ ಉರುಳಿದ ನೆಂಟರಿಷ್ಟರನ್ನು ಕಂಡವರಿಗೆ ಅದು ಎಲ್ಲರಿಗೂ ಸಲ್ಲುವ ಮಾತೆಂದು ಬೇರೆ ಹೇಳಬೇಕಾಗಿಲ್ಲ.

ಶರೀರದೊಳಗೆ ಇದು ನಡೆಯುವ ಬಗೆಯನ್ನು ತಿಳಿದರೆ ಅಕ್ಕನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬರಿದಾದ ಜಠರ ಒಂದು ಹಿಡಿಯಷ್ಟು ಚಿಕ್ಕದು. ಉಂಡಂತೆ ಅದು ಹಿಗ್ಗಿ ಒಂದು ಲೀಟರಿಗೂ ಮಿಕ್ಕಿ ಹಿಡಿಯಬಲ್ಲದು. ಅನ್ನದ ಚೀಲ ತುಂಬಿತೆಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಸಾಲುಪಂಕ್ತಿಯಲ್ಲಿ ಹಿಂದೆ ನಿಂತವರ ಕಣ್ಣಿಗೆ ಅಂಜಿ 10 ನಿಮಿಷದಲ್ಲಿ ಉಂಡು ಏಳುವವನಿಗೆ ಆ ಸುದ್ದಿ ತಲುಪುವುದು ಕೈ ತೊಳೆದ ಮೇಲೆಯೇ. ಗಟ್ಟಿ ಆಹಾರ ಜಠರದಿಂದ ಮುಂದಕ್ಕೆ ಸರಿಯಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಎಣ್ಣೆ ತುಪ್ಪ ಹೆಚ್ಚಿದಷ್ಟೂ ಆ ಹೊತ್ತು ಹೆಚ್ಚುತ್ತದೆ. ಅನ್ನನಾಳ ಜಠರವನ್ನು ಸೇರುವಲ್ಲಿ ಉಂಗುರದಂಥ ಒಂದು ಸ್ನಾಯುವಿದೆ. ಜಠರದ ಆಮ್ಲ ಮೇಲೆ ಬರದಂತೆ ಕಾಯುವ ಬಾಗಿಲು ಅದು. ಹೊಟ್ಟೆ ಬಿಗಿದಾಗ ಅದು ಸಡಿಲುತ್ತದೆ, ಆಗಲೇ ಮಲಗಿಬಿಟ್ಟರೆ ಆಮ್ಲ ಹರಿದು ಬಂದು ಎದೆಯನ್ನು ಸುಡುತ್ತದೆ. ಹೊಗೆಸೊಪ್ಪು, ಮದ್ಯಗಳೂ ಆ ಬಾಗಿಲನ್ನು ಸಡಿಲಿಸುತ್ತವೆ.

ಆಯುರ್ವೇದದ ಆಚಾರ್ಯರು ಇದಕ್ಕೊಂದು ಲೆಕ್ಕವನ್ನೇ ಕೊಟ್ಟಿದ್ದಾರೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲನ್ನು ಅನ್ನಕ್ಕೆ, ಒಂದು ಪಾಲನ್ನು ನೀರಿಗೆ ಕೊಟ್ಟು, ಉಳಿದೊಂದನ್ನು ಬರಿದಾಗಿ ಬಿಡಬೇಕೆಂಬುದು ಅಷ್ಟಾಂಗಹೃದಯದಲ್ಲಿ ವಾಗ್ಭಟನ ಮಾತು. ಮೊದಲು ಉಂಡದ್ದು ಅರಗುವ ಮುನ್ನ ಮತ್ತೆ ಉಣ್ಣುವುದಕ್ಕೆ ವೈದ್ಯಶಾಸ್ತ್ರದಲ್ಲಿ ‘ಅಧ್ಯಶನ’ ಎಂಬ ಪ್ರತ್ಯೇಕ ಹೆಸರೇ ಇದೆ. ಒಂದು ತಪ್ಪಿಗೆ ಹೆಸರಿಡುವಷ್ಟು ಅದು ಅಂದೂ ಸಾಮಾನ್ಯವಾಗಿತ್ತು ಎಂದಾಯಿತು!

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ಕಡೆಗೆ, ಹಾಗೆಯೇ ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಸೀಮೆಗೆ ಬಂದರೆ, ಇಲ್ಲಿನ ಮೂಲ ಆಹಾರದಲ್ಲಿ ದೋಷವೆಣಿಸಲು ಕಾರಣವಿಲ್ಲ. ರಾಗಿ, ಜೋಳ, ನವಣೆ, ಸಾಮೆ, ಹುರುಳಿ, ಅವರೆ, ಸೊಪ್ಪು, ಮಜ್ಜಿಗೆ ಇವು ಮಳೆ ಕಡಿಮೆಯಾದ ನೆಲ ಕೊಟ್ಟ ಊಟ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪಟ್ಟಣದವರು ಹೊಸದಾಗಿ ಕಲಿತ ಹೆಸರುಗಳು ಇಲ್ಲಿನ ಅಜ್ಜಿಯರಿಗೆ ಕಣಜದ ಹೆಸರುಗಳಾಗಿದ್ದವು. ಬದಲಾದದ್ದು ಊಟದ ಸುತ್ತಲಿನ ಬದುಕು. ನೇಗಿಲ ಹಿಂದೆ ಹೊತ್ತು ಮುಳುಗುವವರೆಗೆ ನಡೆದವನಿಗೆ ಎರಡು ದೊಡ್ಡ ಮುದ್ದೆ ಸಲ್ಲುತ್ತಿತ್ತು. ಇಂದು ಉಳುಮೆ ಟ್ರ್ಯಾಕ್ಟರಿನದು, ನೀರು ಹಾಯಿಸುವುದು ಪಂಪಿನದು, ಊರಿಗೆ ಹೋಗುವುದು ಬೈಕಿನ ಮೇಲೆ. ಕಾಯಕ ಕುಗ್ಗಿತು, ಮುದ್ದೆ ಕುಗ್ಗಲಿಲ್ಲ. ಅದರ ಮೇಲೆ ಸಂಜೆಯ ಮಂಡಕ್ಕಿ-ಮಿರ್ಚಿ ಸೇರಿತು. ಮುದ್ದೆಯನ್ನು ಅಗಿಯದೆ ನುಂಗುವುದು ಈ ಸೀಮೆಯ ರೂಢಿ. ಚೆನ್ನಾಗಿ ಬೆಂದ ಮುದ್ದೆಗೆ ಅದು ನಡೆದೀತು. ಅದೇ ವೇಗದಲ್ಲಿ ಅನ್ನವನ್ನೂ ಬೋಂಡವನ್ನೂ ನುಂಗುವ ಅಭ್ಯಾಸ ಮಾತ್ರ ನಡೆಯದು, ಏಕೆಂದರೆ ಪಿಷ್ಟವನ್ನು ಒಡೆಯುವ ಕೆಲಸ ಆರಂಭವಾಗುವುದು ಬಾಯಿಯ ಲಾಲಾರಸದಲ್ಲಿ.

ಹೊತ್ತುಗೆಟ್ಟ ಊಟ ಇನ್ನೊಂದು ತೊಡಕು. ಅಡಿಕೆ ಸುಲಿಯುವ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಸರಿರಾತ್ರಿಯವರೆಗೆ ಎಚ್ಚರವಿರುತ್ತಾರೆ. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಚಹಾದ ಮೇಲೆ ಚಹಾ, ಅನ್ನ ಮಾತ್ರ ನಡುರಾತ್ರಿಗೆ. ಕರೆಂಟು ಬಂದಾಗ ತೋಟಕ್ಕೆ ಹೋಗಬೇಕಾದ ರೈತನಿಗೂ ಊಟದ ಹೊತ್ತೆಂಬುದಿಲ್ಲ. ಇವರನ್ನು ದೂಷಿಸುವುದು ಅನ್ಯಾಯ. ಆದರೆ ಅಂಥ ಅನಿವಾರ್ಯವೇನೂ ಇಲ್ಲದ ಮನೆಗಳಲ್ಲಿಯೂ ಧಾರಾವಾಹಿ ಮುಗಿಯಲೆಂದು ಹತ್ತು ಗಂಟೆಗೆ ಎಲೆ ಹಾಕಿ, ಹತ್ತೂವರೆಗೆ ಹಾಸಿಗೆ ಹಾಸುವುದಕ್ಕೆ ಯಾವ ಸಮರ್ಥನೆಯಿದೆ? ಟೀವಿಯ ಎದುರು ಕುಳಿತು ಉಣ್ಣುವವನಿಗೆ ತಟ್ಟೆ ಬರಿದಾದದ್ದೇ ತಿಳಿಯುವುದಿಲ್ಲ. ಅವಧಾನದ ತದ್ವಿರುದ್ಧ ಸ್ಥಿತಿ ಯಾವುದೆಂದು ಯಾರಾದರೂ ಕೇಳಿದರೆ ಅದನ್ನು ತೋರಿಸಬಹುದು.

ಹೀಗೆಲ್ಲ ಬಂದ ತೊಂದರೆಗೆ ಈ ಸೀಮೆಯ ಜನ ಇಟ್ಟ ಹೆಸರು ‘ಗ್ಯಾಸ್ಟ್ರಿಕ್’. ಆ ಇಂಗ್ಲಿಷ್ ಪದಕ್ಕೆ ಜಠರಕ್ಕೆ ಸಂಬಂಧಿಸಿದ್ದು ಎಂಬುದಿಷ್ಟೇ ಅರ್ಥ. ಕನ್ನಡದ ಬಾಯಲ್ಲಿ ಅದು ರೋಗದ ಹೆಸರಾಗಿ, ಗ್ಯಾಸ್ ಎಂಬ ಪದದೊಂದಿಗೆ ಬೆರೆತು, ತಲೆನೋವು ಬೆನ್ನುನೋವುಗಳನ್ನೂ ಒಳಗೊಂಡಿತು. ‘ಗ್ಯಾಸ್ ಹಿಡಿದುಕೊಂಡಿದೆ’ ಎಂದವನಿಗೆ ಅಂಗಡಿಯ ಸೋಡಾ ಸಿದ್ಧ. ಕುಡಿದೊಡನೆ ದೊಡ್ಡ ತೇಗು ಬರುತ್ತದೆ, ರೋಗ ಹೊರಟುಹೋಯಿತೆಂದು ನೆಮ್ಮದಿಯಾಗುತ್ತದೆ. ಹೊರಬಂದ ಗಾಳಿಯಲ್ಲಿ ಬಹುಪಾಲು ಆ ಸೋಡಾದೊಳಗಿನ ಗಾಳಿಯೇ!

ಸೋಡಾ ಹೋಗಲಿ, ಮಾತ್ರೆಯದು ದೊಡ್ಡ ವಿಷಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರೆಬಿಪ್ರಜೋಲ್ ಇವು ಜಠರದ ಆಮ್ಲವನ್ನು ತಗ್ಗಿಸುವ ಒಳ್ಳೆಯ ಔಷಧಿಗಳು. ಹುಣ್ಣಾದವರಿಗೆ ಇವು ವರದಾನ. ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಟ್ಟ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಬೆಳಿಗ್ಗೆ ಎದ್ದೊಡನೆ ನುಂಗುವವರು ಮನೆಮನೆಯಲ್ಲಿದ್ದಾರೆ. ಬಹುಕಾಲ ನುಂಗಿದರೆ ಬಿ12 ಜೀವಸತ್ವವೂ ಮೆಗ್ನೀಸಿಯಮ್ಮೂ ದೇಹದಲ್ಲಿ ಕಡಿಮೆಯಾಗುವ ಸಂಭವವುಂಟು. ಮಾಂಸಾಹಾರವಿಲ್ಲದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ. ಥಟ್ಟನೆ ಬಿಟ್ಟರೆ ಆಮ್ಲ ಕೆಲವು ದಿನ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಅದನ್ನು ಕಂಡು ಮಾತ್ರೆಯಿಲ್ಲದೆ ಬದುಕಿಲ್ಲವೆಂದು ಜನ ಮತ್ತೆ ಆರಂಭಿಸುತ್ತಾರೆ. ಆದ್ದರಿಂದ ಬಿಡುವುದನ್ನೂ ವೈದ್ಯರನ್ನು ಕೇಳಿಯೇ ಬಿಡಬೇಕು. ಮಂಡಿನೋವು ಮೈಕೈನೋವಿಗೆಂದು ಅಂಗಡಿಯಲ್ಲಿ ಕೊಂಡು ಬರಿಹೊಟ್ಟೆಯಲ್ಲಿ ನುಂಗುವ ನೋವಿನ ಮಾತ್ರೆಗಳು ಜಠರದ ಒಳಪೊರೆಯನ್ನು ಕೆಡಿಸುತ್ತವೆ. ಅದರಿಂದಾದ ಉರಿಗೆ ಇನ್ನೊಂದು ಮಾತ್ರೆ. ಮಾತ್ರೆಗೆ ಮಾತ್ರೆಯನ್ನು ಪೋಣಿಸುವ ಈ ಹಾರ ಎಲ್ಲಿಯವರೆಗೆ ಬೆಳೆಯಬೇಕು?

ಗ್ಯಾಸ್ಟ್ರಿಕ್ ಎಂಬ ಆ ಒಂದು ಪದ ಪ್ರಾಣಕ್ಕೇ ಎರವಾಗುವುದೂ ಉಂಟು. ಇದನ್ನು ಭಕ್ತರು ಬೇರೆಲ್ಲಕ್ಕಿಂತ ಹೆಚ್ಚು ಲಕ್ಷ್ಯವಿಟ್ಟು ಕೇಳಬೇಕು. ಎದೆಯ ನಡುವೆ ಹಿಂಡಿದಂತೆ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ಮೈ ಬೆವರುವುದು, ಉಸಿರು ಕಟ್ಟುವುದು ಇವು ಹೃದಯಾಘಾತದ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ಹೆಣ್ಣುಮಕ್ಕಳಲ್ಲಿ, ವಯಸ್ಸಾದವರಲ್ಲಿ ಅದು ಬರಿಯ ಹೊಟ್ಟೆಯುಬ್ಬರ, ವಾಕರಿಕೆ, ಸುಸ್ತುಗಳ ರೂಪದಲ್ಲಿಯೂ ಬರುತ್ತದೆ. ಹಳ್ಳಿಯ ಜಗುಲಿಯ ಮೇಲೆ ಗ್ಯಾಸ್ಟ್ರಿಕ್ಕೆಂದು ಬೆನ್ನು ನೀವುತ್ತ, ಜೀರಿಗೆ ನೀರು ಕುಡಿಸುತ್ತ ಕಳೆದ ಒಂದು ಗಂಟೆಯೇ ಆ ಜೀವವನ್ನು ಉಳಿಸಬಹುದಾಗಿದ್ದ ಗಂಟೆಯಾಗಿರಬಹುದು. ಅಂಥ ಸಂದರ್ಭದಲ್ಲಿ ಮನೆಮದ್ದಿನ ಮಾತೇ ಕೂಡದು. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಸಾಗಿಸಿ ಇಸಿಜಿ ಮಾಡಿಸಬೇಕು. ಗ್ಯಾಸ್ಟ್ರಿಕ್ಕೇ ಆಗಿತ್ತೆಂದು ಆಮೇಲೆ ತಿಳಿದರೆ ನಕ್ಕು ಮನೆಗೆ ಬರಬಹುದು.

ಹಾಗೆಯೇ ನುಂಗಲು ತೊಡಕಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ನಿಲ್ಲದ ವಾಂತಿ, ಐವತ್ತೈದು ದಾಟಿದ ಮೇಲೆ ಹೊಸದಾಗಿ ಆರಂಭವಾದ ಅಜೀರ್ಣ ಇವು ಪಥ್ಯದಿಂದ ಸರಿಹೋಗುವವಲ್ಲ, ವೈದ್ಯರು ನೋಡಲೇಬೇಕಾದವು. ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಗಳೇ ಕಾರಣವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ವೈದ್ಯರು 1982ರಲ್ಲಿ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣುವನ್ನು ಗುರುತಿಸಿದರು. ನಂಬದವರಿಗೆ ತೋರಿಸಲೆಂದು ಮಾರ್ಷಲ್ 1984ರಲ್ಲಿ ಆ ಜೀವಾಣುವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಂಥ ಸೋಂಕಿದ್ದರೆ ಮಿತಾಹಾರ ಸಾಲದು, ಔಷಧಿ ಬೇಕು.

ಇವಾವುದೂ ಅಲ್ಲದ, ಹೊತ್ತುಗೊತ್ತಿಲ್ಲದ ಊಟದಿಂದಲೇ ಬಂದ ಸಾಮಾನ್ಯ ಅಜೀರ್ಣಕ್ಕೆ ಮನೆಯಲ್ಲಿಯೇ ಪರಿಹಾರವಿದೆ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಯಲಿ, ಮಧ್ಯಾಹ್ನದ್ದಕ್ಕಿಂತ ಹಗುರವಾಗಿರಲಿ. ಉಂಡ ಮೇಲೆ ಒಂದಿಷ್ಟು ಅಡ್ಡಾಡುವುದು ಒಳ್ಳೆಯದು. ರಾತ್ರಿ ಎದೆಯುರಿ ಬರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸಿ, ಎಡಮಗ್ಗುಲಾಗಿ ಮಲಗಿದರೆ ಗುಣ ಕಾಣುತ್ತದೆ. ಹುರುಳಿ ಅವರೆಗಳಿಂದ ಹೊಟ್ಟೆಯುಬ್ಬರವಾಗುವುದು ಅವುಗಳಲ್ಲಿರುವ, ಮನುಷ್ಯನ ಕರುಳು ಅರಗಿಸಲಾರದ ಒಂದು ಬಗೆಯ ಸಕ್ಕರೆಯಿಂದ. ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಅದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಮೊಳಕೆ ಹುರುಳಿಯ ಸಾರು ಮಾಡುವ ಹೆಣ್ಣುಮಕ್ಕಳು ಇದನ್ನು ಯಾವ ಪ್ರಯೋಗಶಾಲೆಯಿಂದಲೂ ಕಲಿಯಲಿಲ್ಲ. ಖಾರ ಎಲ್ಲರಿಗೂ ಒಂದೇ ರೀತಿ ಮುನಿಯುವುದಿಲ್ಲವಾದ್ದರಿಂದ ಯಾವುದು ತನಗೆ ಆಗದೆಂಬುದನ್ನು ಪ್ರತಿಯೊಬ್ಬರೂ ಎರಡು ವಾರ ಬರೆದಿಟ್ಟುಕೊಂಡು ನೋಡುವುದು ಲೇಸು. ಶುಂಠಿ, ಜೀರಿಗೆ, ಓಮ, ಮಜ್ಜಿಗೆಗಳು ಹಿತವೇ. ಅತಿಯಾಗಿ ಉಂಡು ಅವುಗಳನ್ನು ಪ್ರಾಯಶ್ಚಿತ್ತವಾಗಿ ಸೇವಿಸುವುದರಲ್ಲಿ ಅರ್ಥವಿಲ್ಲ. ಊಟದ ಮೇಲಿನ ಎಲೆಯಡಿಕೆಯ ವಿಷಯ ಅಡಿಕೆ ಬೆಳೆದೇ ಬದುಕುವ ಸೀಮೆಯಲ್ಲಿ ಕಷ್ಟದ ಮಾತು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಜೀರ್ಣಕ್ಕೆಂದು ಅದನ್ನು ಜಗಿಯುವವರು, ಅದರಲ್ಲೂ ಹೊಗೆಸೊಪ್ಪು ಸೇರಿಸುವವರು, ಇಷ್ಟನ್ನಾದರೂ ತಿಳಿದಿರಬೇಕು.

ಪಥ್ಯದ ಮಾತು ಹೊಳಲ್ಕೆರೆ ತಾಲ್ಲೂಕಿಗೆ ಹೊಸದಲ್ಲ. ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ, ‘ತಿರುಕ’ ಎಂಬ ಕಾವ್ಯನಾಮದ ಶ್ರೀ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ಕಾಲವಾಗುವವರೆಗೂ ಜೋಳಿಗೆ ಹಿಡಿದು ಬೇಡಿ ತಂದು, ನಾಡಿನ ಸಹಸ್ರಾರು ಜನರಿಗೆ ಯೋಗಾಸನ ಕಲಿಸಿ, ಆಯುರ್ವೇದ ಚಿಕಿತ್ಸೆ ನೀಡಿದರು. ಇದೇ ತಾಲ್ಲೂಕಿನ ನುಲೇನೂರು ಶರಣ ನುಲಿಯ ಚಂದಯ್ಯನವರ ಐಕ್ಯಸ್ಥಳವೆಂದು ಜನ ನಂಬಿ ನಡೆದುಕೊಳ್ಳುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಬಂದುದರಿಂದ ದಾಸೋಹ ನಡೆಸಿದ ಆ ಶರಣರಿಗೆ ಶರೀರವೇ ಕಾಯಕದ ಉಪಕರಣ. ಅವರ ಹೆಸರಿನಲ್ಲಿ ನಡೆಯುವ ಪಂಕ್ತಿಯಿಂದ ಎದ್ದವನಿಗೆ ಮರುದಿನ ಕಾಯಕಕ್ಕೆ ಹೋಗಲು ಮೈ ಏಳದಿದ್ದರೆ ಆ ದಾಸೋಹ ಯಾರಿಗೆ ಸಂದಂತಾಯಿತು? ತುಮಕೂರಿನ ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವರ ದೀರ್ಘಾಯುಷ್ಯಕ್ಕೆ ಊಟವೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಆದರೆ ದಿನವೂ ಸಾವಿರಾರು ಮಕ್ಕಳಿಗೆ ಉಣಬಡಿಸಿದ ಆ ಹಿರಿಯರು ಸ್ವತಃ ಸ್ವೀಕರಿಸುತ್ತಿದ್ದ ಪ್ರಸಾದ ಬಲು ಮಿತವಾಗಿತ್ತೆಂಬುದನ್ನು ನಾಡೇ ಬಲ್ಲದು.

ದಾಸೋಹ ನಡೆಸುವ ಸಮಿತಿಗಳೂ ಮದುವೆ ಮನೆಯ ಯಜಮಾನರೂ ಮಾಡಬಹುದಾದುದು ಕಷ್ಟವೇನಲ್ಲ. ಬಡಿಸುವವರ ಕೈಗೆ ದೊಡ್ಡ ಸೌಟಿನ ಬದಲು ಚಿಕ್ಕದನ್ನು ಕೊಡಬಹುದು. ಮೊದಲ ಸಲ ಅರ್ಧವೇ ಬಡಿಸಿ, ಎರಡನೆಯ ಸಲ ಕೇಳಿದವರಿಗೆ ಕೇಳಿದಷ್ಟು ಬಡಿಸಬಹುದು. ಪಂಕ್ತಿಯನ್ನು ಅವಸರದಿಂದ ಎಬ್ಬಿಸದೆ ಅರ್ಧ ಗಂಟೆ ಕೊಡಬಹುದು. ಸಿಹಿ ಎರಡರ ಬದಲು ಒಂದಾದರೆ ಗೌರವಕ್ಕೆ ಕುಂದಿಲ್ಲ. ಸಂಜೆಯ ಪ್ರಸಾದ ಎಂಟು ಗಂಟೆಯೊಳಗೆ ಆರಂಭವಾಗುವಂತೆ ಪ್ರವಚನದ ಹೊತ್ತನ್ನು ಸ್ವಲ್ಪ ಹಿಂದಕ್ಕೆ ತರಬಹುದು. ಭಾಷಣಕಾರರು ಇದಕ್ಕೆ ಒಪ್ಪುವರೋ ಇಲ್ಲವೋ ಬೇರೆ ಮಾತು. ಎಲೆಯ ಮೇಲೆ ಅಡ್ಡ ಬಂದ ಕೈಯನ್ನು ಕಂಡೊಡನೆ ಸೌಟು ಹಿಂದೆ ಸರಿಯಬೇಕು. ಇನ್ನು ಪಂಕ್ತಿಯಲ್ಲಿ ಕುಳಿತ ಮಕ್ಕಳು ‘ಸಾಕು’ ಎಂದಾಗ ಪಕ್ಕದಲ್ಲಿ ಕುಳಿತ ಹಿರಿಯರು ಗದರಿಸದೆ, ಆ ಮಗು ತಟ್ಟೆಯಲ್ಲಿರುವುದನ್ನು ಪೂರ್ತಿ ಉಂಡಿದೆಯೇ ಎಂದಷ್ಟೇ ನೋಡಿ, ಕೈ ತೊಳೆಯಲು ಕಳುಹಿಸಲಿ.